ಬಾಯಿಮಾತಿನ ಪಾಲಿನ ಮೇಲೆ ಮನೆ

ಹಳೆ ಮೈಸೂರು ಸೀಮೆಯ ಊರುಗಳಲ್ಲಿ ಅಪ್ಪನ ಜಮೀನು ಇಂದಿಗೂ ಎಷ್ಟೋ ಕಡೆ ಜಗುಲಿಯ ಮೇಲೆಯೇ ಭಾಗವಾಗುತ್ತದೆ. ನಾಲ್ಕು ಜನ ಹಿರಿಯರು ಕೂತು, ರಸ್ತೆ ಬದಿಯದು ದೊಡ್ಡವನಿಗೆ, ಬಾವಿ ಕಡೆಯದು ಚಿಕ್ಕವನಿಗೆ, ಕಣ ಇಬ್ಬರಿಗೂ ಎಂದು ಹೇಳಿ ಎದ್ದರೆ ಮುಗಿಯಿತು. ಈ ಪದ್ಧತಿಗೆ ಸಲ್ಲಬೇಕಾದ ಗೌರವ ಸಲ್ಲಲೇಬೇಕು. ಬಾವಿ ಯಾವ ತಿಂಗಳು ಬತ್ತುತ್ತದೆ, ಗಾಡಿ ಯಾವ ಬದುವಿನ ಮೇಲೆ ಹೋಗಬೇಕು ಎಂಬುದು ಪಂಚರಿಗೆ ಗೊತ್ತು. ಉತ್ತು ಬಿತ್ತುವ ತನಕ ಏರ್ಪಾಡು ಚೆನ್ನಾಗಿಯೇ ನಡೆಯುತ್ತದೆ.

ತಕರಾರು ಏಳುವುದು ಪಾಯ ತೆಗೆದಾಗ.

ಬದು ತಪ್ಪಿದ್ದರೆ ಮುಂದಿನ ಹಂಗಾಮಿಗೆ ಸರಿಸಬಹುದು, ಮನೆಯನ್ನು ಸರಿಸಲಾಗದು. ಪಹಣಿಯಲ್ಲಿ ಇನ್ನೂ ತೀರಿಹೋದ ತಂದೆಯ ಹೆಸರಿರುತ್ತದೆ, ಇಲ್ಲವೇ ಪೌತಿ ಖಾತೆಯಾಗಿ ಎಲ್ಲರ ಹೆಸರೂ ಜಂಟಿಯಾಗಿರುತ್ತದೆ. ಪಾಲು ತೋರಿಸುವ 11ಇ ಸರ್ವೆ ನಕ್ಷೆ ಇಲ್ಲ, ಸರ್ವೆ ನಂಬರು ಒಡೆದು ಬೇರೆ ಮಾಡುವ ಪೋಡಿ ಆಗಿಲ್ಲ. ಆದರೂ ತಮ್ಮ ಸಾಲ ಮಾಡಿ ತಾರಸಿ ಹಾಕಿಸುತ್ತಾನೆ. ಭಾಗವಾಗದ ಆಸ್ತಿಯ ಪ್ರತಿ ಅಂಗುಲದಲ್ಲೂ ಎಲ್ಲ ಪಾಲುದಾರರಿಗೆ ಹಕ್ಕಿದೆ ಎಂಬುದು ಅವನಿಗೆ ತಿಳಿಯುವುದು ಅಣ್ಣ ತಡೆಯಾಜ್ಞೆ ತಂದ ದಿನ. ಕಟ್ಟಿದವನ ಪಾಲಿಗೆ ಆ ಜಾಗವನ್ನೇ ಹಾಕಲು ನ್ಯಾಯಾಲಯಗಳು ಸಾಧ್ಯವಾದಷ್ಟು ನೋಡುತ್ತವೆ, ನಿಜ. ಆದರೆ ಮನೆ ಕಟ್ಟಿದ ಮಾತ್ರಕ್ಕೆ ಪಾಲು ಹೆಚ್ಚುವುದಿಲ್ಲ. ಅಷ್ಟರಲ್ಲಿ ಪ್ರಾಥಮಿಕ ಡಿಕ್ರಿ, ಅಂತಿಮ ಡಿಕ್ರಿ ಎಂದು ಎರಡು ಹಂತ ದಾಟುವ ಹೊತ್ತಿಗೆ ಮಕ್ಕಳ ಮದುವೆಗೂ ಒಬ್ಬರನ್ನೊಬ್ಬರು ಕರೆಯದ ಸ್ಥಿತಿ ಬಂದಿರುತ್ತದೆ.

ಇದಕ್ಕಿಂತ ದೊಡ್ಡ ದೋಷ ಬೇರೆ ಇದೆ. ಆ ಜಗುಲಿಯಲ್ಲಿ ಅಕ್ಕತಂಗಿಯರನ್ನು ಯಾರೂ ಕೂರಿಸಲಿಲ್ಲ. ಕರ್ನಾಟಕ 1994ರಲ್ಲೇ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟಿತು, ಆದರೆ ಅಷ್ಟರೊಳಗೆ ಮದುವೆಯಾದವರನ್ನು ಹೊರಗಿಟ್ಟಿತು. ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಬಂದ ಕೇಂದ್ರ ತಿದ್ದುಪಡಿ ಆ ಭೇದವನ್ನು ತೆಗೆಯಿತು. ಗಂಡುಮಕ್ಕಳು ಭಾಗ ಮಾಡಿಕೊಳ್ಳುವವರೆಗೆ ವಾಸದ ಮನೆಯಲ್ಲಿ ಹೆಣ್ಣುಮಕ್ಕಳು ಭಾಗ ಕೇಳುವಂತಿಲ್ಲ ಎಂಬ 23ನೇ ಕಲಮೂ ಆಗಲೇ ರದ್ದಾಯಿತು. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಮಗಳ ಹಕ್ಕು ಹುಟ್ಟಿನಿಂದಲೇ ಬಂದದ್ದು, 2005ರಲ್ಲಿ ತಂದೆ ಬದುಕಿರಬೇಕಿಲ್ಲ ಎಂದಿತು. ಬಾಯಿಮಾತಿನಲ್ಲಿ ಎಂದೋ ಪಾಲಾಗಿದೆ ಎಂಬ ವಾದವನ್ನು, ಸರ್ಕಾರಿ ದಾಖಲೆಗಳ ಗಟ್ಟಿ ಆಧಾರವಿಲ್ಲದೆ ಒಪ್ಪಲಾಗದು ಎಂದೂ ಹೇಳಿತು.

ಮದುವೆಯಲ್ಲಿ ಚಿನ್ನ ಹಾಕಿದ್ದೇವೆ, ಬಾಣಂತನ ಮಾಡಿದ್ದೇವೆ ಎಂಬ ಲೆಕ್ಕ ಕಾನೂನಿನ ಮುಂದೆ ನಿಲ್ಲುವುದಿಲ್ಲ. ಹಬ್ಬಕ್ಕೆ ಬಂದ ತಂಗಿಯಿಂದ ಛಾಪಾ ಕಾಗದಕ್ಕೆ ಸಹಿ ಹಾಕಿಸಿಕೊಳ್ಳುವುದೂ ಅಷ್ಟೇ. ನೋಂದಣಿಯಾಗದ ಹಕ್ಕು ಬಿಡುಗಡೆ ಪತ್ರದಿಂದ ಅವಳ ಪಾಲು ಅಣ್ಣನಿಗೆ ಬರುವುದಿಲ್ಲ. ತವರಿನ ದಾರಿ ಮುಚ್ಚೀತೆಂಬ ಅಂಜಿಕೆಯಲ್ಲಿ ಹಾಕಿದ ಸಹಿಯನ್ನು ಒಪ್ಪಿಗೆ ಎಂದು ಕರೆಯುವುದೇ ಅನ್ಯಾಯ.

ಹಿರಿಯರ ಪಂಚಾಯಿತಿ ಉಳಿಯಲಿ, ಜಮೀನಿನ ಮರ್ಮ ಬಲ್ಲವರು ಅವರೇ. ಆದರೆ ಅಕ್ಕತಂಗಿಯರೂ ಅದರಲ್ಲಿ ಕೂರಬೇಕು, ಅಲ್ಲಿ ಆದ ಮಾತು ಸರ್ವೆಯಾಗಿ ಉಪನೋಂದಣಿ ಕಚೇರಿಯಲ್ಲಿ ಪಾಲುಪತ್ರವಾಗಬೇಕು. ಮನೆ ಕಟ್ಟಲು ಹೊರಟಿರುವವರು ಗುದ್ದಲಿ ಪೂಜೆಗೆ ದಿನ ನೋಡಿಸುವ ಮೊದಲು ಇಷ್ಟನ್ನು ಮಾಡಿಸಿಕೊಳ್ಳಿ.