ಪರ್ಪೆಟುವಾಳ ಸೆರೆಮನೆಯ ಬರಹ

ಸಂತರ ಚರಿತ್ರೆಗಳಲ್ಲಿ ಸಂತರ ಸ್ವಂತ ವಾಕ್ಯವು ದೊರೆಯುವುದು ಬಹು ವಿರಳ. ಭಕ್ತನಾದ ಗ್ರಂಥಕರ್ತನೇ ಅವರ ಬಾಯಿಂದ ಮಾತನಾಡುವುದು ಎಲ್ಲ ಮತಗಳಲ್ಲಿಯೂ ನಡೆದುಬಂದ ರೂಢಿ. ಕ್ರಿ.ಶ. 203ರಲ್ಲಿ ಆಫ್ರಿಕ ಖಂಡದ ಕಾರ್ಥೇಜ್ ನಗರದಲ್ಲಿ ಕ್ರೈಸ್ತಮತವನ್ನು ಬಿಡಲೊಲ್ಲದೆ ಪ್ರಾಣವನ್ನೊಪ್ಪಿಸಿದ ಪರ್ಪೆಟುವಾ, ಫೆಲಿಸಿಟಾಸ್ ಎಂಬ ಸ್ತ್ರೀಯರ ಲ್ಯಾಟಿನ್ ಚರಿತ್ರೆಯು ಇದಕ್ಕೆ ಅಪವಾದವಾಗಿದೆ. ಅದರ ನಡುವಣ ಭಾಗವು ಪರ್ಪೆಟುವಾ ಸೆರೆಯಲ್ಲಿದ್ದು ತಾನೇ ಬರೆದುದೆಂದು ಗ್ರಂಥವೇ ಹೇಳುತ್ತದೆ. ಆದ್ಯಂತಗಳು ಹೆಸರರಿಯದ ಸಂಪಾದಕನವು.

ಆಕೆಗೆ ಆಗ ಸುಮಾರು 22 ವರ್ಷ. ಸತ್ಕುಲಪ್ರಸೂತೆ, ವಿದ್ಯಾವತಿ, ಮೊಲೆಯುಣ್ಣುವ ಕೂಸಿನ ತಾಯಿ. ಸೆರೆಮನೆಯ ಕತ್ತಲೆ, ಜನಸಂದಣಿಯ ಸೆಕೆ, ಹಸಿದ ಮಗುವಿನ ಚಿಂತೆ, ಇವನ್ನು ಆಕೆ ಇದ್ದುದಿದ್ದಂತೆ ಹೇಳುವಳು. ಆಲಂಕಾರಿಕರು ಸ್ವಭಾವೋಕ್ತಿಯೆಂದು ಕರೆದುದು ಇದನ್ನೇ. ವೃದ್ಧನಾದ ತಂದೆಯು ಬಂದು ಮಗಳ ಕೈಗಳಿಗೆ ಮುತ್ತಿಟ್ಟು, ಪಾದಗಳ ಮೇಲೆ ಬಿದ್ದು, ಮತವನ್ನು ಬಿಡೆಂದು ಅಂಗಲಾಚುವನು. ಮಗಳು ಮಣಿಯಳು, ಆದರೆ ನ್ಯಾಯಾಧಿಕಾರಿಯಾದ ಹಿಲಾರಿಯಾನಸನು ಆ ಮುದುಕನನ್ನು ಕೋಲಿನಿಂದ ಹೊಡೆಯಿಸಿದಾಗ ಆ ಪೆಟ್ಟು ತನಗೇ ಬಿದ್ದಂತೆ ನೊಂದುಕೊಳ್ಳುವಳು. ಧರ್ಮವೀರವೂ ಕರುಣವೂ ಇಲ್ಲಿ ಒಂದನ್ನೊಂದು ನುಂಗದೆ ನಿಂತಿವೆ.

ಇದರ ಬೆಲೆ ಏನೆಂಬುದು ಮುಂದಿನ ಕಾಲದ ಸಂಗ್ರಹಗಳನ್ನು ನೋಡಿದರೆ ತಿಳಿಯುವುದು. ಅವುಗಳಲ್ಲಿ ಪರ್ಪೆಟುವಾ ಕೂಸನ್ನು ಅತ್ತ ನೂಕಿ, ಬಂಧುಗಳನ್ನು ದುಷ್ಟರೆಂದು ಜರೆದು ಅಟ್ಟುವಳು. ಮೂಲದ ದಿನಚರಿಯಲ್ಲಿ ಸುಳಿವೇ ಇಲ್ಲದ ಗಂಡನೂ ಅಲ್ಲಿ ಬಂದು ನಿಲ್ಲುವನು! ವೈರಾಗ್ಯವನ್ನು ಹೆಚ್ಚಿಸುವೆನೆಂದು ಹೊರಟ ಸಂಗ್ರಹಕಾರನು ವೈರಾಗ್ಯದ ಬೆಲೆಯನ್ನೇ ಇಳಿಸಿದನು. ಅಕ್ಕರೆಯೇ ಇಲ್ಲದವಳು ಬಿಟ್ಟುಕೊಟ್ಟುದಾದರೂ ಏನು? ಮೂಲದಲ್ಲಿ ತಂದೆಯು ಕೂಸನ್ನು ಕಳುಹಿಸಲೊಲ್ಲದೆ ಹೋದಾಗ, ಅದು ಮೊಲೆಯನ್ನು ಬಯಸಲಿಲ್ಲವೆಂದೂ ತನ್ನ ಎದೆಯೂ ಬಾಧಿಸಲಿಲ್ಲವೆಂದೂ ಆಕೆ ಬರೆದಿಟ್ಟಿರುವಳು. ಈ ಮಾತನ್ನು ತಾಯಿಯಲ್ಲದೆ ಬೇರಾರೂ ಕಲ್ಪಿಸಿ ಬರೆಯಲಾರರು.

ದಾಸಿಯಾದ ಫೆಲಿಸಿಟಾಸಳ ಸ್ವಂತ ನುಡಿ ಉಳಿಯದಿರುವುದು ಕೃತಿಯ ದೊಡ್ಡ ಕೊರತೆ. ಎಂಟು ತಿಂಗಳ ಗರ್ಭಿಣಿಯಾಗಿದ್ದ ಆಕೆ ಸೆರೆಯಲ್ಲಿಯೇ ಹೆಣ್ಣುಮಗುವನ್ನು ಹೆತ್ತಳು. ಆ ವೃತ್ತಾಂತವನ್ನು ಸಂಪಾದಕನ ಬಾಯಿಂದಲೇ ಕೇಳಬೇಕಾಗಿದೆ.

ಆ ಸಂಪಾದಕನಿಗೆ ಉಪದೇಶದ ಚಪಲವುಂಟು. ಪೀಠಿಕೆಯು ಬೇಸರ ತರಿಸುವಷ್ಟು ಉದ್ದವಾಗಿದೆ. ಕಡೆಯಲ್ಲಿ, ಅನನುಭವಿಯಾದ ಖಡ್ಗಧಾರಿಯ ನಡುಗುವ ಕೈಯನ್ನು ಪರ್ಪೆಟುವಾ ತಾನೇ ಹಿಡಿದು ಕೊರಳಿಗೆ ತಂದುಕೊಂಡಳೆಂದು ಹೇಳಿ ಅಷ್ಟಕ್ಕೇ ಸುಮ್ಮನಿರದೆ, ಅದಕ್ಕೆ ವ್ಯಾಖ್ಯಾನವನ್ನೂ ಜೋಡಿಸಿರುವನು. ಆದರೂ ಆಕೆಯ ಬರಹವನ್ನು ತನ್ನ ಶೈಲಿಗೆ ತಿದ್ದದೆ ಬಿಟ್ಟನಲ್ಲ, ಆ ಒಂದು ಸಂಯಮಕ್ಕಾಗಿ ಅವನ ಪೀಠಿಕೆಯನ್ನು ಸಹಿಸಬಹುದು.