‘ಜಲಾಶಯ’ ಶಬ್ದವೂ ನದೀನಿವಾಸಿಗಳೂ

ಅಮರಸಿಂಹನು ತನ್ನ ಕೋಶದ ವಾರಿವರ್ಗದಲ್ಲಿ ‘ಜಲಾಶಯ’, ‘ಜಲಾಧಾರ’ ಎಂಬೆರಡನ್ನು ಪರ್ಯಾಯಪದಗಳಾಗಿ ಹೇಳಿರುವುದು ಪಂಡಿತರಿಗೆ ವಿದಿತವೇ ಆಗಿದೆ. ಪರ್ಯಾಯಗಳಾದ ಮಾತ್ರಕ್ಕೆ ಇವುಗಳ ಭಾವವು ಸರ್ವಥಾ ಒಂದೇ ಎನ್ನಲಾಗದು. ಆಧಾರವೆಂದರೆ ಹೊತ್ತಿರುವುದು, ಆಶಯವೆಂದರೆ ನೆಲಸಿರುವ ತಾಣ. ವ್ಯುತ್ಪತ್ತಿಯಿಂದ ನೆಲಸುವುದು ನೀರೇ ಸರಿ; ಆದರೆ ಅದೇ ವರ್ಗದಲ್ಲಿ ಮತ್ಸ್ಯ, ಕೂರ್ಮ, ನಕ್ರಗಳನ್ನೂ, ‘ಉದ್ರ’ವೆಂಬ ನೀರುನಾಯಿಯನ್ನೂ ನದೀಸರೋವರಗಳೊಡನೆ ಎಣಿಸಿದೆ. ನೀರನ್ನು ಹೇಳುವಾಗ ಅದರ ನಿವಾಸಿಗಳನ್ನು ಬಿಡಬಾರದೆಂಬ ವಿವೇಕವು ಈ ವಿಂಗಡಣೆಯಲ್ಲಿ ಕಾಣುತ್ತದೆ.

ನಮ್ಮ ಮುಧೋಳದ ರನ್ನಕವಿಯ ಗದಾಯುದ್ಧವನ್ನೂ ಈ ದೃಷ್ಟಿಯಿಂದ ನೋಡಬಹುದು. ವೈಶಂಪಾಯನ ಸರೋವರವನ್ನು ದಡದಿಂದ ನೋಡುವವರಿಗೆ ಕಾಣುವುದು ನೀರು ಮಾತ್ರ, ಒಳಗಿರುವವನು ಕುರುಪತಿ. ಭೀಮನ ಗರ್ಜನೆಯನ್ನು ಕೇಳಿ ಅವನು ನೀರೊಳಗಿದ್ದೂ ಬೆವರಿದನೆಂಬ ಪ್ರಸಂಗವನ್ನು ನಾವು ರೌದ್ರವೀರಗಳಿಗೆ ಉದಾಹರಣೆಯಾಗಿ ಬೋಧಿಸುತ್ತೇವೆ. ಆದರೆ ಆ ರಸವು ಸಿದ್ಧಿಸಬೇಕಾದರೆ ಸರೋವರವು ಮೊದಲು ಆಶ್ರಯಸ್ಥಾನವಾಗಿ ತೋರಬೇಕು. ಆಶ್ರಯವೇ ಆಶ್ರಿತನನ್ನು ಕಾಯಲಾರದೆ ಹೋದುದರಲ್ಲಿ ಆ ಸಂದರ್ಭದ ಶಕ್ತಿಯಿದೆ. ಕೊಳವನ್ನು ಕೇವಲ ಆಧಾರವೆಂದು ಓದಿದವರಿಗೆ ಈ ಭಾವವು ಕೈತಪ್ಪುವುದು.

ಅಣೆಕಟ್ಟಿನ ಹಿನ್ನೀರನ್ನು ‘ಜಲಾಶಯ’ವೆಂದು ಕರೆಯುವ ಇಂದಿನ ಯೋಜನೆಗಳಲ್ಲಿಯೂ ತಪ್ಪಿಹೋಗಿರುವುದು ಇದೇ ಭಾವ. ಕೃಷ್ಣಾಜಲದ ಮೊದಲನೆಯ ನ್ಯಾಯಮಂಡಲಿಯು ೧೯೭೩ರಲ್ಲಿ ೨,೦೬೦ ಟಿ.ಎಂ.ಸಿ. ನೀರನ್ನು ಮೂರು ರಾಜ್ಯಗಳಿಗೆ ಹಂಚಿತು. ಎರಡನೆಯ ನ್ಯಾಯಮಂಡಲಿಯ ೨೦೧೦ರ ತೀರ್ಪಿನಲ್ಲಿ ನದಿಯ ಕನಿಷ್ಠ ಹರಿವಿಗೂ ಪಾಲು ದೊರೆತುದು ಸ್ತುತ್ಯವಾದ ಸಂಗತಿ. ಆದರೂ ಯಾವ ಮಡುವಿಗೆ, ಯಾವ ಮಾಸದಲ್ಲಿ, ಯಾವ ಜೀವಿಗಾಗಿ ಎಂಬುದು ಅಂಕಿಯೊಂದರಿಂದಲೇ ತಿಳಿಯದು.

ಇಲ್ಲಿ ಒಂದು ಆಕ್ಷೇಪ ಹುಟ್ಟಬಹುದು: ಬೆಳೆಗೇ ನೀರು ಸಾಲದಿರುವಾಗ ನೀರುನಾಯಿಯ ಚಿಂತೆಯೇಕೆ? ಇದು ಹುರುಳಿಲ್ಲದ ಮಾತಲ್ಲ. ಮುಧೋಳದ ಕಬ್ಬು ಘಟಪ್ರಭೆಯನ್ನೇ ನೆಚ್ಚಿದೆ. ಆದರೆ ಸಮಾಧಾನವೂ ಅದೇ ನದಿಯಲ್ಲಿದೆ. ಮೇಲೆ ಧೂಪದಾಳದಲ್ಲಿ ೧೮೯೭ರಲ್ಲಿ ಮುಗಿದ ಒಡ್ಡು ಹೊಲಗಳಿಗೆ ನೀರುಣಿಸಿತು; ಅದರ ಹಿನ್ನೀರಿನ ಪ್ರದೇಶವು ೧೯೭೪ರಲ್ಲಿ ಪಕ್ಷಿಧಾಮವೆನಿಸಿತು. ಹಾಗೆಯೇ ತುಂಗಭದ್ರೆಯ ಅಣೆಕಟ್ಟಿನ ಕೆಳಗೆ, ಮುದ್ಲಾಪುರದಿಂದ ಕಂಪ್ಲಿಯವರೆಗಿನ ಸುಮಾರು ೩೪ ಕಿಲೋಮೀಟರುಗಳ ನದೀಭಾಗವನ್ನು ೨೦೧೫ರಲ್ಲಿ ನೀರುನಾಯಿಗಳಿಗಾಗಿ ಸಂರಕ್ಷಿತ ಪ್ರದೇಶವೆಂದು ಸಾರಲಾಯಿತು. ಕೃಷಿಗೂ ನದೀನಿವಾಸಿಗಳಿಗೂ ವಿರೋಧವು ಸ್ವಭಾವಸಿದ್ಧವಲ್ಲವೆಂಬುದು ಇದರಿಂದ ಸ್ಪಷ್ಟ.

ಆದರೆ ಸಾರಿದ ಮಾತ್ರಕ್ಕೆ ಕಾರ್ಯಸಿದ್ಧಿಯಿಲ್ಲ. ನೀರುನಾಯಿಗೆ ಬಂಡೆಯ ಸಂದುಗಳೂ ಜೊಂಡು ಬೆಳೆದ ದಡಗಳೂ ಬೇಕು. ಬೇಸಗೆಯಲ್ಲಿಯೂ ಮೀನುಳ್ಳ ಮಡುಗಳು ಬೇಕು. ಮರಳನ್ನು ಬಗೆದೊಯ್ದರೆ, ಸಿಡಿಮದ್ದಿನಿಂದ ಮೀನು ಹಿಡಿದರೆ, ಕಾಲವರಿಯದೆ ನೀರನ್ನು ಬಿಟ್ಟು ಬಿಲಗಳನ್ನು ಮುಳುಗಿಸಿದರೆ, ಹೆಸರು ಮಾತ್ರ ಉಳಿದೀತು.

ಆದುದರಿಂದ ಯೋಜನೆಯನ್ನು ರಚಿಸುವವರು ಮೊದಲು ನಿವಾಸಿಗಳನ್ನೆಣಿಸಿ, ಅವುಗಳ ಋತುಧರ್ಮವನ್ನರಿತು, ಅನಂತರ ನೀರನ್ನು ಅಳೆಯತಕ್ಕದ್ದು. ಅಮರನ ಕ್ರಮವೂ ರನ್ನನ ಕಾವ್ಯವೂ ನಮಗೆ ಕಲಿಸುವುದು ಇಷ್ಟನ್ನೇ. ಹಾಗಾದಲ್ಲಿ ಜಲಾಶಯವೆಂಬುದು ಅನ್ವರ್ಥನಾಮವಾದೀತು. ಇಲ್ಲವಾದರೆ ಅದು ಬರಿಯ ಜಲಾಧಾರ. ಸಹೃದಯರಾದ ಉಪಾಧ್ಯಾಯರು ಇದನ್ನು ವಿಚಾರಿಸಬೇಕೆಂದು ಬಿನ್ನಹ.