ಸ್ತ್ರೀ ಹಾರ್ಮೋನುಗಳು ಮತ್ತು ಜನನಮಾರ್ಗದ ರಕ್ಷಣೆ: ಒಂದು ವಾದದ ವಿಮರ್ಶೆ

ಸ್ತ್ರೀಯ ಜನನಮಾರ್ಗಕ್ಕೆ ಪರಸ್ಪರ ವಿರುದ್ಧವಾದ ಎರಡು ಕರ್ತವ್ಯಗಳಿವೆ. ಹೊರಗಿನಿಂದ ಬರುವ ಸೂಕ್ಷ್ಮಜೀವಿಗಳನ್ನು ಅದು ತಡೆಯಬೇಕು. ಪರಕೀಯವೇ ಆದ ವೀರ್ಯಾಣುವನ್ನೂ, ಅರ್ಧಾಂಶ ತಂದೆಯದಾದ ಭ್ರೂಣವನ್ನೂ ಸಹಿಸಬೇಕು. ತಾಯಿಯ ದೇಹವು ಭ್ರೂಣವನ್ನು ಏಕೆ ತಿರಸ್ಕರಿಸುವುದಿಲ್ಲವೆಂದು ಪೀಟರ್ ಮೆಡಾವರ್ 1953ರಲ್ಲಿ ಎತ್ತಿದ ಪ್ರಶ್ನೆಗೆ ದೊರೆತ ಉತ್ತರಗಳಲ್ಲಿ ಸ್ತ್ರೀ ಹಾರ್ಮೋನುಗಳಿಗೆ ಗಣ್ಯವಾದ ಸ್ಥಾನವಿದೆ. ಅದೇ ವಿಚಾರವನ್ನು ಸೋಂಕಿಗೂ ವಿಸ್ತರಿಸಿ ಅಮೆರಿಕದ ಡಾರ್ಟ್‌ಮತ್ ವೈದ್ಯವಿದ್ಯಾಲಯದ ಚಾರ್ಲ್ಸ್ ವೈರಾ ಮತ್ತು ಜಾನ್ ಫೇಹಿ 2008ರಲ್ಲಿ ಮಂಡಿಸಿದ ವಾದ ಇಲ್ಲಿ ನಮ್ಮ ವಿಷಯ.

ವಾದದ ಸಾರವಿಷ್ಟೆ: ಗರ್ಭಧಾರಣೆಗೆ ಅನುಕೂಲವಾಗುವಂತೆ ಈಸ್ಟ್ರೊಜೆನ್ ಮತ್ತು ಪ್ರೊಜೆಸ್ಟರೋನ್‌ಗಳು ರಕ್ಷಣೆಯ ಕೆಲವು ಅಂಶಗಳನ್ನು ಸಡಿಲಿಸುತ್ತವೆ, ಆದ್ದರಿಂದ ಅಂಡೋತ್ಸರ್ಗದ ಅನಂತರ ಏಳರಿಂದ ಹತ್ತು ದಿನಗಳವರೆಗೆ ಎಚ್.ಐ.ವಿ.ಯಂಥ ಸೋಂಕಿಗೆ ದಾರಿ ಸುಲಭವಾಗುತ್ತದೆ. ಋತುಚಕ್ರದ ಉತ್ತರಾರ್ಧದಲ್ಲಿ ಗರ್ಭಕೋಶದ ಮಾರಕ ಟಿ-ಕಣಗಳು ತಮ್ಮ ಕಾರ್ಯವನ್ನು ಅಡಗಿಸಿಕೊಂಡರೂ ಯೋನಿಯಲ್ಲಿರುವ ಅದೇ ಜಾತಿಯ ಕಣಗಳು ಹಾಗೆ ಮಾಡುವುದಿಲ್ಲ. ಈ ವಾದದ ಹೆಚ್ಚುಗಾರಿಕೆ ಇರುವುದು ಇಲ್ಲಿ. ಕನ್ನಡದಲ್ಲಿ ನಾವು ‘ರೋಗನಿರೋಧಕ ಶಕ್ತಿ’ ಎನ್ನುತ್ತೇವೆ. ‘ಶಕ್ತಿ’ ಎಂದೊಡನೆ ಅದು ಸೇರು ಪಾವಿನಲ್ಲಿ ಅಳೆಯಬಹುದಾದ ಒಂದೇ ವಸ್ತುವೆಂಬ ಭ್ರಮೆ ಹುಟ್ಟುತ್ತದೆ. ಅಂಗದಿಂದ ಅಂಗಕ್ಕೆ, ದಿನದಿಂದ ದಿನಕ್ಕೆ ಮಾರ್ಪಡುವ ಏರ್ಪಾಡು ಅದೆಂಬುದು ಮರೆಯಾಗುತ್ತದೆ.

ಆದರೆ ಆಧಾರಗಳು ವಾದದಷ್ಟು ದೃಢವಾಗಿಲ್ಲ. ಅವುಗಳಲ್ಲಿ ಬಹುಭಾಗ ಶಸ್ತ್ರಕ್ರಿಯೆಯಲ್ಲಿ ತೆಗೆದ ಗರ್ಭಕೋಶದ ಊತಕಗಳಿಂದಲೂ ಪ್ರಾಣಿಗಳಿಂದಲೂ ಬಂದವು. ಪ್ರೊಜೆಸ್ಟರೋನ್ ಕೊಟ್ಟ ಕೋತಿಗಳಿಗೆ ವೈರಸ್ಸು ಸುಲಭವಾಗಿ ತಗಲಿತೆಂದು 1996ರಲ್ಲಿ ಪ್ರಕಟವಾಯಿತು. ಮೂರು ತಿಂಗಳಿಗೊಮ್ಮೆ ಚುಚ್ಚುವ ಗರ್ಭನಿರೋಧಕ ಔಷಧದ ಮೇಲೂ ಇದೇ ಶಂಕೆ ಬಿದ್ದಿತು. ಆಫ್ರಿಕದ ನಾಲ್ಕು ದೇಶಗಳ 7,829 ಸ್ತ್ರೀಯರಲ್ಲಿ ನಡೆದು 2019ರಲ್ಲಿ ಪ್ರಕಟವಾದ ಪ್ರಯೋಗವು ಆ ಚುಚ್ಚುಮದ್ದಿಗೂ ಇತರ ಎರಡು ವಿಧಾನಗಳಿಗೂ ನಡುವೆ ಗಣನೀಯ ಅಂತರವನ್ನು ಕಾಣಲಿಲ್ಲ. ಯಾವ ವಿಧಾನವನ್ನೂ ಬಳಸದವರ ಗುಂಪು ಅದರಲ್ಲಿರಲಿಲ್ಲವಾದ್ದರಿಂದ ಮೂಲ ವಾದ ಬಿದ್ದುಹೋಯಿತೆನ್ನಲಾಗದು. ಕೋತಿಯಿಂದ ಹೆಣ್ಣಿಗೆ ನೇರವಾಗಿ ಜಿಗಿಯುವುದು ಅವಸರವೆಂದಂತೂ ತಿಳಿಯಿತು. 2017ರಿಂದ ‘ಅಂತರಾ’ ಎಂಬ ಹೆಸರಿನಲ್ಲಿ ಇದೇ ಔಷಧವನ್ನು ನಮ್ಮ ಸರ್ಕಾರಿ ಆಸ್ಪತ್ರೆಗಳಲ್ಲಿಯೂ ಕೊಡುತ್ತಿರುವುದರಿಂದ ಇದು ನಮಗೆ ದೂರದ ಮಾತಲ್ಲ.

ಇನ್ನು ನಮ್ಮ ನೆರೆಯ ವಿಚಾರ. ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ—ಪಾಂಡವಪುರ ಉಪವಿಭಾಗದ ಈ ನಾಲ್ಕು ತಾಲ್ಲೂಕುಗಳಲ್ಲಿ ನಾಲೆಯ ನೀರುಂಡ ಗದ್ದೆಯೂ ಇದೆ, ಮಳೆ ಕಾಯುವ ಹೊಲವೂ ಇದೆ. ‘ಬಿಳಿಸೆರಗು’ ಎಂಬ ಮಾತಿಗೆ ಮಾತ್ರ ಆ ಭೇದವಿಲ್ಲ. ಕಾರಣ ಕೇಳಿದರೆ ‘ಉಷ್ಣ’ ಎನ್ನುವುದು ವಾಡಿಕೆ. ಅಂಡೋತ್ಸರ್ಗದ ಹೊತ್ತಿಗೆ ಈಸ್ಟ್ರೊಜೆನ್ನಿನ ಪ್ರಭಾವದಿಂದ ಮೊಟ್ಟೆಯ ಬಿಳಿಯಂತೆ ತೆಳುವಾಗಿ ಬರುವ ಲೋಳೆ ಸಹಜವಾದುದು. ಅದೇ ಹಾರ್ಮೋನು ಯೋನಿಯ ಪದರದಲ್ಲಿ ಗ್ಲೈಕೊಜೆನ್ ಕೂಡಿಡುತ್ತದೆ. ಲ್ಯಾಕ್ಟೊಬ್ಯಾಸಿಲಸ್ ಜೀವಿಗಳು ಆ ಆಹಾರದ ಬಲದಿಂದ ಆಮ್ಲವನ್ನುಂಟುಮಾಡಿ ಕಾವಲು ಕಾಯುತ್ತವೆ. ರಕ್ಷಣೆಯ ಗುರುತಿಗೂ ರೋಗದ ಗುರುತಿಗೂ ಜನರಲ್ಲಿ ಹೆಸರು ಒಂದೇ; ವೈದ್ಯರೂ ಹಾಗೆಯೇ ಎಣಿಸಿದರೆ ತೊಡಕು. ಪ್ರಯೋಗಾಲಯವಿಲ್ಲದೆಡೆ ಲಕ್ಷಣವನ್ನೇ ನಂಬಿ ಸೆಕ್ನಿಡಜೋಲ್, ಫ್ಲುಕೊನಜೋಲ್ ಗುಳಿಗೆಗಳ ಹಸಿರು ಪೊಟ್ಟಣ ಕೊಡುವ ಕ್ರಮವಿದೆ. ಗೋವೆಯಲ್ಲಿ ನಡೆದು 2005ರಲ್ಲಿ ಪ್ರಕಟವಾದ ಅಧ್ಯಯನವು ಈ ದೂರಿಗೆ ಸೋಂಕಿಗಿಂತ ಮನೋವ್ಯಥೆಯ ನಂಟೇ ಬಲವಾದುದೆಂದು ಕಂಡಿತು. ಇನ್ನೊಂದೆಡೆ, ಮೈಸೂರಿನ ಸುಮಾರು 900 ತರುಣಿಯರನ್ನು ಕುರಿತ 2008ರ ವರದಿಯಲ್ಲಿ ಹೆಚ್ಚುಕಡಮೆ ಐವರಲ್ಲೊಬ್ಬರಿಗೆ ಯೋನಿಯ ಜೀವಿಸಮತೋಲ ಕೆಟ್ಟಿತ್ತು. ಈ ಸ್ಥಿತಿಯಲ್ಲಿ ಅನೇಕರಿಗೆ ಯಾವ ಲಕ್ಷಣವೂ ತೋರದು. ಹೀಗೆ ಆರೋಗ್ಯವಂತೆ ಗುಳಿಗೆ ನುಂಗುವುದೂ, ಔಷಧ ಬೇಕಾದವಳು ಸುಮ್ಮನಿರುವುದೂ ಸಾಧ್ಯ.

ವೈರಾ–ಫೇಹಿಯವರ ವಾದ ನಿಜವಾಗಲಿ ಅರೆನಿಜವಾಗಲಿ, ಅದನ್ನು ನಮ್ಮ ಸೀಮೆಯಲ್ಲಿ ಒರೆಗೆ ಹಚ್ಚಲು ಮೊದಲು ಬೇಕಾದುದು ಯಂತ್ರವಲ್ಲ. ಮಾದರಿ ತೆಗೆದ ದಿನ ಋತುಚಕ್ರದ ಎಷ್ಟನೆಯದೆಂಬ ಒಂದು ಅಂಕಿ. ತಾಲ್ಲೂಕು ಆಸ್ಪತ್ರೆಗಳಲ್ಲಿಯೂ, ನಾಗಮಂಗಲ ತಾಲ್ಲೂಕಿನಲ್ಲೇ ಇರುವ ಆದಿಚುಂಚನಗಿರಿ ವೈದ್ಯಕೀಯ ಮಹಾವಿದ್ಯಾಲಯದಲ್ಲಿಯೂ ರೋಗಿಯ ಚೀಟಿಯಲ್ಲಿ ಕಡೆಯ ಮುಟ್ಟಿನ ತಾರೀಖನ್ನು ತಪ್ಪದೆ ಬರೆದು, ಫಲಿತಾಂಶವನ್ನು ಅದರೊಡನೆಯೇ ಪ್ರಕಟಿಸಬೇಕು. ಮುಟ್ಟು ನಿಂತವರ ಲೆಕ್ಕ ಬೇರೆ ಇಡತಕ್ಕದ್ದು. ಋತುಚಕ್ರವನ್ನೇ ಆಧರಿಸಿದ ಈ ವಾದ ಅವರಿಗೆ ಅನ್ವಯಿಸದು.